ಪಂಪ್ ಬದಲಿಸುವ ಮುನ್ನ ವೈರಿಂಗ್ ನೋಡಿ: ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದ ಪೆಟ್ರೋಲ್ ಕಾರಿನ ತಪಾಸಣೆ

ಕೀ ಆನ್ ಮಾಡಿದರೆ ಮೀಟರ್ ಬೋರ್ಡಿನ ದೀಪಗಳೆಲ್ಲ ಹತ್ತುತ್ತವೆ. ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತದೆ. ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಗ್ಯಾರೇಜುಗಳಿಗೆ ಹೀಗೆ ಎಳೆದು ತಂದ ಪೆಟ್ರೋಲ್ ಕಾರಿಗೆ ಸಿಗುವ ಮೊದಲ ತೀರ್ಪು ‘ಫ್ಯೂಯಲ್ ಪಂಪ್ ಹೋಗಿದೆ’ ಎಂಬುದು. ಟ್ಯಾಂಕಿನೊಳಗಿನ ಪಂಪ್ ಅಸೆಂಬ್ಲಿ ಅಗ್ಗದ ಸಾಮಾನಲ್ಲ. ಹೊಸದು ಹಾಕಿದರೆ ಕಾರು ಓಡುತ್ತದೆ ಕೂಡ. ಆದರೆ ಅದು ಪಂಪಿನ ಮಹಿಮೆಯೇ ಎಂದು ಹೇಳಲಾಗದು. ಪಂಪ್ ಕೂರಿಸುವಾಗ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಬಿಚ್ಚಿ ಮತ್ತೆ ಒತ್ತಿದ್ದರಿಂದ, ಕಿಲುಬು ಹಿಡಿದ ಪಿನ್ ಚೂರು ಉಜ್ಜಿಕೊಂಡು ತಾತ್ಕಾಲಿಕವಾಗಿ ತಾಗಿರುತ್ತದೆ, ಅಷ್ಟೆ. ಮುಂದಿನ ಜೋರು ಮಳೆಗೆ ಕಾರು ಮತ್ತೆ ರಸ್ತೆ ಬದಿಯಲ್ಲಿ ನಿಲ್ಲುತ್ತದೆ.

ಪಂಪ್ ಎಂದರೆ ಒಂದು ಡಿಸಿ ಮೋಟರ್. ಅದಕ್ಕೆ ಬೇಕಾದಷ್ಟು ವೋಲ್ಟೇಜು ಅದರ ಪಿನ್ನಿನವರೆಗೂ ಬರುತ್ತಿದೆಯೇ ಎಂದು, ಅದೂ ಪಂಪ್ ಕರೆಂಟು ಎಳೆಯುತ್ತಿರುವಾಗಲೇ, ಅಳೆದು ನೋಡದೆ ಮೋಟರ್ ಕೆಟ್ಟಿದೆ ಎನ್ನುವಂತಿಲ್ಲ. ಇಲ್ಲಿ ಹೇಳುವುದೆಲ್ಲ ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇರುವ ಎಂಪಿಎಫ್‌ಐ (ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ) ಪೆಟ್ರೋಲ್ ಕಾರುಗಳಿಗೆ. ಕಾರ್ಬುರೇಟರ್ ಕಾಲದ ಸಣ್ಣ ಕಾರುಗಳಲ್ಲಿ ಪಂಪ್ ಇಂಜಿನ್ನಿಗೇ ಕೂತು ಕ್ಯಾಮ್‌ನಿಂದ ಓಡುತ್ತಿತ್ತು. ಅವುಗಳಿಗೂ, ಮುಳ್ಳಯ್ಯನಗಿರಿ ಹತ್ತುವ ಡೀಸೆಲ್ ಜೀಪುಗಳಿಗೂ ಈ ತಪಾಸಣೆ ಹೊಂದುವುದಿಲ್ಲ.

ಕರೆಂಟು ಹೋಗುವ ದಾರಿ

ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಮೇನ್ ಫ್ಯೂಸ್ ದಾಟಿ, ಸಾಮಾನ್ಯವಾಗಿ 15 ಅಥವಾ 20 ಆಂಪ್‌ನ ಪಂಪ್ ಫ್ಯೂಸಿಗೆ ಬಂದು, ಅಲ್ಲಿಂದ ಫ್ಯೂಯಲ್ ಪಂಪ್ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚಿಗೆ) ಸೇರುತ್ತದೆ. ರಿಲೇಯಲ್ಲಿ 30ನೇ ಪಿನ್‌ಗೆ ಬಂದದ್ದು 87ನೇ ಪಿನ್‌ನಿಂದ ಹೊರಬಿದ್ದು, ಬಾಗಿಲ ಕೆಳಗಿನ ಪಟ್ಟಿಯಡಿ ಹಾಸಿದ ವೈರಿನಲ್ಲಿ ಹಿಂದಕ್ಕೆ ಹೋಗುತ್ತದೆ. ಹಿಂದಿನ ಸೀಟಿನ ಕೆಳಗೆ ಟ್ಯಾಂಕಿನ ತಲೆಯ ಮೇಲಿರುವ ಕಪ್ಲರ್ ಮೂಲಕ ಪಂಪಿನೊಳಗೆ ಇಳಿದು, ಇನ್ನೊಂದು ವೈರಿನಲ್ಲಿ ಹೊರಬಂದು ಕಾರಿನ ಲೋಹದ ಬಾಡಿಗೆ ಬಿಗಿದ ಅರ್ಥ್ ಬೋಲ್ಟಿಗೆ ತಲುಪುತ್ತದೆ. ಬಾಡಿಯಿಂದ ಮತ್ತೆ ಬ್ಯಾಟರಿಯ ಮೈನಸ್‌ಗೆ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ವಾಪಸು ಬರುವ ದಾರಿಯನ್ನು ನೋಡುವವರು ಕಡಿಮೆ. ಮಲೆನಾಡಿನಲ್ಲಿ ಹೆಚ್ಚು ತೊಂದರೆ ಕೊಡುವುದು ಆ ವಾಪಸು ದಾರಿಯೇ.

ಇದು ಬರೀ ಕರೆಂಟು ಸಾಗುವ ದಾರಿ. ರಿಲೇಯನ್ನು ಎಳೆಯುವ, ಅಂದರೆ ಅದರೊಳಗಿನ ಕಾಯಿಲಿಗೆ ಕರೆಂಟು ಕೊಟ್ಟು ಆನ್ ಮಾಡುವ, ಸಣ್ಣ ಸರ್ಕ್ಯೂಟ್ ಬೇರೆ ಇದೆ. 86ನೇ ಪಿನ್‌ಗೆ ಕೀ ಆನ್ ಆದಾಗ 12 ವೋಲ್ಟ್ ಬರುತ್ತದೆ, 85ನೇ ಪಿನ್ನನ್ನು ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ತನ್ನೊಳಗೆ ಅರ್ಥ್ ಮಾಡುತ್ತದೆ. ಕೆಲವು ಕಾರುಗಳಲ್ಲಿ ಇವೆರಡು ಅದಲು ಬದಲು ಇರುವುದೂ ಉಂಟು. ಕೀ ಆನ್ ಆದ ಕೂಡಲೇ ಇಸಿಎಂ ಎರಡು ಮೂರು ಸೆಕೆಂಡು ಮಾತ್ರ ಪಂಪ್ ಓಡಿಸಿ ಪೈಪಿನಲ್ಲಿ ಒತ್ತಡ ತುಂಬಿಸಿ ನಿಲ್ಲಿಸುತ್ತದೆ. ಮತ್ತೆ ಓಡಿಸುವುದು ಇಂಜಿನ್ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ತಿಳಿಸಿದ ಮೇಲೆಯೇ. ಈ ಕ್ರಮ ಗೊತ್ತಿಲ್ಲದವರು, ಕೀ ಆನ್ ಮಾಡಿಟ್ಟು ನಿಧಾನಕ್ಕೆ ಹಿಂದೆ ಬಂದು ಮೀಟರ್ ಹಿಡಿದು, ‘ಸಪ್ಲೈ ಬರ್ತಾನೇ ಇಲ್ಲ’ ಎನ್ನುತ್ತಾರೆ. ಆ ಎರಡು ಸೆಕೆಂಡು ಆಗಲೇ ಮುಗಿದಿರುತ್ತದೆ.

ಮೀಟರ್ ತೋರಿಸುವ 12 ವೋಲ್ಟ್

ಪಂಪಿನ ಕಪ್ಲರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಸಿಕ್ಕಿತು, ಹಾಗಾದರೆ ವೈರಿಂಗ್ ಸರಿ, ಪಂಪ್ ಕೆಟ್ಟಿದೆ ಎಂಬ ತರ್ಕದಿಂದ ಎಷ್ಟೋ ಒಳ್ಳೆಯ ಪಂಪುಗಳು ಗುಜರಿಗೆ ಹೋಗಿವೆ. ಡಿಜಿಟಲ್ ಮೀಟರಿನ ಒಳ ಪ್ರತಿರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಹತ್ತೊಂಬತ್ತು ಎಳೆಯ ವೈರಿನಲ್ಲಿ ಹದಿನೆಂಟು ಕೊಳೆತು ಒಂದೇ ಎಳೆ ಉಳಿದಿದ್ದರೂ ಮೀಟರ್ 12 ಎಂದೇ ತೋರಿಸುತ್ತದೆ. ತೋಟದ ಸ್ಪ್ರಿಂಕ್ಲರ್ ಪೈಪಿನೊಳಗೆ ಕಸ ಕಟ್ಟಿದ್ದರೂ ವಾಲ್ವ್ ಮುಚ್ಚಿರುವಾಗ ಗೇಜು ಪೂರ್ತಿ ಒತ್ತಡ ತೋರಿಸುವುದಿಲ್ಲವೇ, ಹಾಗೆ. ಜೆಟ್ ತಿರುಗಿಸಿದಾಗಲೇ ಬಣ್ಣ ಬಯಲಾಗುವುದು.

ಲೆಕ್ಕ ಹಾಕಿ ನೋಡಿ. ಸಣ್ಣ ಕಾರಿನ ಪಂಪ್ ಸುಮಾರು 4ರಿಂದ 5 ಆಂಪ್ ಎಳೆಯುತ್ತದೆ. 1.5 ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದ ವೈರ್ 4 ಮೀಟರ್ ಉದ್ದಕ್ಕೆ 0.05 ಓಮ್ ಕೂಡ ಇರುವುದಿಲ್ಲ. 5 ಆಂಪ್ ಹರಿದರೂ ಅದರಲ್ಲಿ ಕಳೆದುಹೋಗುವುದು ಕಾಲು ವೋಲ್ಟಿಗಿಂತ ಕಡಿಮೆ. ಆದ್ದರಿಂದ ಎರಡು ಮೂರು ವೋಲ್ಟ್ ಕಾಣೆಯಾಗಿದ್ದರೆ ‘ವೈರ್ ಉದ್ದ ಜಾಸ್ತಿ’ ಎಂಬ ನೆಪ ನಡೆಯುವುದಿಲ್ಲ. ಎಲ್ಲೋ ಒಂದು ಕಡೆ ಪಿನ್, ಜಾಯಿಂಟ್ ಅಥವಾ ಬೋಲ್ಟ್ ಅದನ್ನು ನುಂಗುತ್ತಿದೆ. ಒಂದು ಕಿಲುಬು ಹಿಡಿದ ಪಿನ್ನಿನ ಪ್ರತಿರೋಧ 0.4 ಓಮ್ ಆಯಿತೆನ್ನಿ: 5 ಆಂಪ್‌ಗೆ 2 ವೋಲ್ಟ್ ಅಲ್ಲೇ ಬಿದ್ದುಹೋಯಿತು, 10 ವ್ಯಾಟ್ ಶಾಖ ಆ ಪುಟ್ಟ ಪಿನ್ನಿನಲ್ಲೇ ಹುಟ್ಟಿತು. ಕಪ್ಲರಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕರಗುವುದು ಇದರಿಂದ. ಫ್ಯೂಸ್ ಮಾತ್ರ ಹಾರುವುದಿಲ್ಲ, ಯಾಕೆಂದರೆ ಪ್ರತಿರೋಧ ಹೆಚ್ಚಿದಾಗ ಕರೆಂಟು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಹೀಗೆ ಅರೆಹೊಟ್ಟೆಯಲ್ಲಿ ಓಡುವ ಪಂಪ್ ಪೂರ್ತಿ ನಿಲ್ಲಬೇಕೆಂದಿಲ್ಲ. ಹಾಸನದ ಬಿ.ಎಂ. ರಸ್ತೆಯಲ್ಲಿ ಆರಾಮಾಗಿ ಹೋಗುವ ಕಾರು ಶಿರಾಡಿ ಘಾಟಿಯ ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಒತ್ತಿದಾಗ ತಡವರಿಸುತ್ತದೆ. ಪಿಕಪ್ ಇಲ್ಲ, ಮಿಸ್ ಹೊಡೆಯುತ್ತಿದೆ ಎಂದು ಪ್ಲಗ್ಗು, ಕಾಯಿಲ್ ಬದಲಿಸಿದ್ದೂ ಆಗಿರುತ್ತದೆ.

ಬೇಕಾದ ಸಾಮಾನು, ಇರಬೇಕಾದ ಭಯ

ಒಂದು ಡಿಜಿಟಲ್ ಮಲ್ಟಿಮೀಟರ್. ಐದು ಮೀಟರ್ ಉದ್ದದ ವೈರಿಗೆ ಎರಡೂ ಕಡೆ ಕ್ರೊಕೊಡೈಲ್ ಕ್ಲಿಪ್. ಮಧ್ಯದಲ್ಲಿ 15 ಆಂಪ್ ಫ್ಯೂಸ್ ಹಾಕಿದ ಒಂದು ಜಂಪರ್ ವೈರ್. ಎಲ್‌ಇಡಿ ಟೆಸ್ಟ್ ಲ್ಯಾಂಪ್. ಇವೆಲ್ಲಕ್ಕಿಂತ ಉಪಯೋಗದ ವಸ್ತು ಒಂದಿದೆ: ಹೆಡ್‌ಲೈಟಿಗೆ ಹಾಕುವ ಎಚ್4 ಬಲ್ಬು. ಅದರ 55 ವ್ಯಾಟ್ ಫಿಲಮೆಂಟ್ ಸುಮಾರು 4.5 ಆಂಪ್ ಎಳೆಯುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಪಂಪಿನಷ್ಟೇ. ಪಂಪಿನ ಜಾಗದಲ್ಲಿ ಅದನ್ನು ಹಾಕಿದರೆ ವೈರಿಂಗಿಗೆ ನಿಜವಾದ ಭಾರ ಬೀಳುತ್ತದೆ. ಇದು ಬೆಳ್ಳಗೆ ಉರಿದರೆ ದಾರಿ ಸರಿ; ಕೆಂಪಗೆ ಮಿಣುಕಿದರೆ ಎಲ್ಲೋ ತಡೆ ಇದೆ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲಮಟ್ಟದಲ್ಲಿ, ಸೀಟಿನ ಗುಂಡಿಯಲ್ಲಿ ನಿಲ್ಲುತ್ತದೆ. ಹಿಂದಿನ ಸೀಟು ಎತ್ತಿದ ಕೂಡಲೇ ಪೆಟ್ರೋಲ್ ವಾಸನೆ ಬಂದರೆ ವಿದ್ಯುತ್ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಮೊದಲು ಸೋರಿಕೆ ಹುಡುಕಿ. ಕೆಲಸ ಬಯಲಿನಲ್ಲಿ, ನಾಲ್ಕೂ ಬಾಗಿಲು ತೆಗೆದು ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಬೇಡ. ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಕಪ್ಲರ್ ಬಿಚ್ಚುವ ಮುನ್ನ ಬ್ಯಾಟರಿಯ ಮೈನಸ್ ತೆಗೆಯಿರಿ. ಬಲ್ಬನ್ನು ಸೀಟಿನ ಬಳಿ ಇಡಬಾರದು. ಅದು ಕೈ ಸುಡುವಷ್ಟು ಕಾಯುತ್ತದೆ. ಉದ್ದ ವೈರಿನಲ್ಲಿ ಕಾರಿನ ಹೊರಗೆ ತಂದಿಡಿ. ಕ್ರಮವೂ ಮುಖ್ಯ. ಬಲ್ಬಿನ ಕ್ಲಿಪ್ಪುಗಳನ್ನೆಲ್ಲ ಮೊದಲು ಸಿಕ್ಕಿಸಿ, ಆಮೇಲೆ ಬ್ಯಾಟರಿ ಜೋಡಿಸಿ, ಕೊನೆಗೆ ಮುಂದಿನ ರಿಲೇ ಬಾಕ್ಸಿನಲ್ಲಿ ಕರೆಂಟು ಕೊಡಿ. ಆಗ ಕಿಡಿ ಹಾರುವುದಿದ್ದರೂ ಟ್ಯಾಂಕಿನಿಂದ ದೂರದಲ್ಲೇ ಹಾರುತ್ತದೆ.

ಕಿವಿಯಿಂದ ಶುರು

ಎಲ್ಲಕ್ಕೂ ಮೊದಲು ಬ್ಯಾಟರಿ. ನಿಂತಿರುವಾಗ 12.4ರಿಂದ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಮೇಲೆ ಇರಬೇಕು. ಇಲ್ಲದಿದ್ದರೆ ಮುಂದಿನ ಅಳತೆಗಳಿಗೆ ಅರ್ಥವಿಲ್ಲ. ಇಮೊಬಿಲೈಸರ್ ದೀಪ ಮಿನುಗುತ್ತಲೇ ಇದೆಯೇ ನೋಡಿ. ಕೀಲಿಕೈಯ ಚಿಪ್ಪನ್ನು ಕಾರು ಗುರುತಿಸದಿದ್ದರೆ ಇಸಿಎಂ ಪಂಪನ್ನೋ ಇಂಜೆಕ್ಟರನ್ನೋ ತಡೆದಿಟ್ಟಿರುತ್ತದೆ. ಫೋರ್ಡ್‌ನ ಕೆಲವು ಹಳೆಯ ಕಾರುಗಳಲ್ಲಿ ಗುದ್ದು ಬಿದ್ದಾಗ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಇತ್ತು. ದೊಡ್ಡ ಗುಂಡಿಗೆ ಚಕ್ರ ಬಿದ್ದರೂ ಅದು ಹಾರಬಹುದು; ಸ್ವಿಚ್ಚಿನ ಮೇಲಿರುವ ಬಟನ್ ಒತ್ತಿದರೆ ಮುಗಿಯಿತು.

ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂಬುದನ್ನೂ ಕೇಳಿ. ಚಾರ್ಮಾಡಿಯ ತಿರುವುಗಳಲ್ಲಿ ಪೆಟ್ರೋಲ್ ಒಂದು ಮೂಲೆಗೆ ಸರಿದು ಪಂಪ್ ಗಾಳಿ ಎಳೆದರೆ, ಥೇಟ್ ಲೂಸ್ ಕಾಂಟ್ಯಾಕ್ಟ್ ತರವೇ ಇಂಜಿನ್ ಕೆಮ್ಮುತ್ತದೆ. ಏರಿನಲ್ಲಿ ಮಾತ್ರ, ಅದೂ ಗೇಜಿನ ಮುಳ್ಳು ಕೆಳಗಿರುವಾಗ ಮಾತ್ರ ಬರುವ ತೊಂದರೆಗೆ ಮೊದಲ ಔಷಧ ಐದು ಲೀಟರ್ ಪೆಟ್ರೋಲ್. ಪಂಪ್ ತಂಪಾಗಿರುವುದೂ ಸುತ್ತಲಿನ ಪೆಟ್ರೋಲಿನಿಂದಲೇ. ಘಟ್ಟದ ದಾರಿಯಲ್ಲಿ ಕಾಲು ಟ್ಯಾಂಕಿಗಿಂತ ಕಡಿಮೆ ಇಟ್ಟುಕೊಂಡು ಓಡಿಸುವ ಅಭ್ಯಾಸ ಪಂಪಿನ ಆಯುಷ್ಯ ಕಡಿಮೆ ಮಾಡುತ್ತದೆ.

ಈಗ ಒಬ್ಬರು ಕೀ ಆನ್ ಮಾಡಲಿ, ಇನ್ನೊಬ್ಬರು ಪೆಟ್ರೋಲ್ ಮುಚ್ಚಳ ತೆಗೆದು ಕಿವಿ ಕೊಡಲಿ. ಎರಡು ಮೂರು ಸೆಕೆಂಡು ‘ಗುಂಯ್’ ಎಂದು ನಿಂತರೆ ಫ್ಯೂಸ್, ರಿಲೇ, ವೈರ್ ಯಾವುದೂ ಪೂರ್ತಿ ಕಡಿದಿಲ್ಲ. ಆದರೆ ಸದ್ದು ಬಂತೆಂದ ಮಾತ್ರಕ್ಕೆ ವೋಲ್ಟೇಜು ಸಾಕಷ್ಟಿದೆ ಎಂದಾಗುವುದಿಲ್ಲ. ಕೀ ಆನ್‌ಗೆ ಸದ್ದು ಇದೆ, ಸೆಲ್ಫ್ ಹೊಡೆಯುವಾಗ ಪಂಪ್ ಓಡುವುದಿಲ್ಲ ಎಂದಾದರೆ ಪಂಪಿನ ವೈರ್ ಬಿಟ್ಟು ಕ್ರ್ಯಾಂಕ್ ಸೆನ್ಸರ್ ಕಡೆ ಹೋಗಿ: ಸ್ಕ್ಯಾನರ್ (ಇಸಿಎಂನಲ್ಲಿರುವ ಮಾಹಿತಿ, ದೋಷದ ಕೋಡು ಓದುವ ಸಾಧನ) ಹಾಕಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆ ತೋರಿಸುತ್ತಿದೆಯೇ ನೋಡಿ. ಸ್ಕ್ಯಾನರಿನಲ್ಲಿ ಪಿ0230 ಬಂದರೆ ಪಂಪಿನ ರಿಲೇ ಸರ್ಕ್ಯೂಟಿನ ದೋಷ, ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರಿನದು. ಯಾವ ಕೋಡೂ ಇಲ್ಲದಿದ್ದರೆ ವೈರಿಂಗ್ ಚೆನ್ನಾಗಿದೆ ಎಂದು ತಿಳಿಯಬೇಡಿ. ಅನೇಕ ಕಾರುಗಳ ಇಸಿಎಂ ರಿಲೇಯ ಕಾಯಿಲನ್ನಷ್ಟೇ ಗಮನಿಸುತ್ತದೆ. ಅದರಾಚೆ ಸೀಟಿನಡಿ ಏನಾಗುತ್ತಿದೆ ಎಂಬುದು ಅದಕ್ಕೆ ಕಾಣುವುದೇ ಇಲ್ಲ.

ಫ್ಯೂಸ್ ಮತ್ತು ರಿಲೇ

ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿಯುವುದಕ್ಕಿಂತ, ಅದರ ತಲೆಯ ಮೇಲಿರುವ ಎರಡು ಸಣ್ಣ ಕಿಂಡಿಗಳಿಗೂ ಟೆಸ್ಟ್ ಲ್ಯಾಂಪ್ ಮುಟ್ಟಿಸಿ ನೋಡುವುದು ಒಳ್ಳೆಯದು. ಎರಡೂ ಕಡೆ ಹತ್ತಬೇಕು. ಫ್ಯೂಸ್ ಹಾರಿದ್ದರೆ ಹೊಸದು ಹಾಕಿ ಹೊರಟುಬಿಡಬೇಡಿ, 15 ಇದ್ದಲ್ಲಿಗೆ 30 ಅಂತೂ ಬೇಡವೇ ಬೇಡ. ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆಯೋ, ಪಂಪೇ ಜಾಮ್ ಆಗಿ ಹೆಚ್ಚು ಎಳೆಯುತ್ತಿದೆಯೋ ತಿಳಿಯಲು ಫ್ಯೂಸಿನ ಜಾಗಕ್ಕೆ ಅದೇ ಎಚ್4 ಬಲ್ಬು ಹಾಕಿ, ಹಿಂದೆ ಪಂಪಿನ ಕಪ್ಲರ್ ಬಿಚ್ಚಿಟ್ಟು, ರಿಲೇಯ 30 ಮತ್ತು 87ನ್ನು ಜಂಪರಿನಿಂದ ಸೇರಿಸಿ. ಪಂಪ್ ಬಿಚ್ಚಿದ್ದರೂ ಬಲ್ಬು ಉರಿದರೆ ವೈರಿನಲ್ಲೇ ಶಾರ್ಟ್. ವೈರಿಂಗ್ ಸೆಟ್ಟನ್ನು ಅಲ್ಲಲ್ಲಿ ಅಲುಗಿಸುತ್ತಾ ಹೋಗಿ. ಬಲ್ಬು ಆರಿದ ಜಾಗವೇ ಕಳ್ಳನ ಜಾಗ. ಸೀಟಿನ ಬೋಲ್ಟ್, ಸೀಟ್ ಬೆಲ್ಟಿನ ಬುಡ, ಸ್ಪೀಕರ್ ಆಂಪ್ಲಿಫೈಯರ್ ಕೂರಿಸಲು ಹೊಡೆದ ಸ್ಕ್ರೂ ಇವನ್ನು ಮೊದಲು ನೋಡಿ.

ರಿಲೇ ಪರೀಕ್ಷೆಗೆ ಎಲ್ಲರಿಗೂ ಗೊತ್ತಿರುವ ಉಪಾಯ, ಅದೇ ನಂಬರಿನ ಹಾರ್ನ್ ಅಥವಾ ಎಸಿ ರಿಲೇ ಕಿತ್ತು ಹಾಕಿ ನೋಡುವುದು. ತಪ್ಪಿಲ್ಲ. ಆದರೆ ‘ಟಿಕ್’ ಎಂದಿತು, ರಿಲೇ ಸರಿ ಎನ್ನುವುದು ಅರ್ಧ ಸತ್ಯ. ಟಿಕ್ ಎನ್ನುವುದು ಕಾಯಿಲ್ ಕೆಲಸ ಮಾಡಿದ್ದರ ಗುರುತು. ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೂ ಟಿಕ್ ಬರುತ್ತದೆ. ಪಂಪ್ ಓಡುತ್ತಿರುವಾಗ 30 ಮತ್ತು 87ರ ನಡುವೆ ಮೀಟರ್ ಹಿಡಿದರೆ 0.2 ವೋಲ್ಟ್ ಮೀರಬಾರದು. ಮೀರಿದರೆ ರಿಲೇ ಬಿಸಾಡಿ, ಅದನ್ನು ಬಿಚ್ಚಿ ಉಜ್ಜುವುದು ದಂಡದ ಕೆಲಸ. ಕಾಯಿಲಿನ ಪ್ರತಿರೋಧ ಸಾಮಾನ್ಯವಾಗಿ 60ರಿಂದ 100 ಓಮ್ ಆಸುಪಾಸು ಇರುತ್ತದೆ. ಐದು ಪಿನ್ನಿನ ರಿಲೇಯಾದರೆ ನಡುವಿನ 87ಎ ಪಿನ್ನನ್ನು 87 ಎಂದು ತಿಳಿದು ಜಂಪರ್ ಹಾಕಬೇಡಿ. ರಿಲೇಯ ಮೈಮೇಲೆ ಚಿತ್ರ ಇರುತ್ತದೆ, ನೋಡಿಕೊಳ್ಳಿ. ಸಾಕೆಟ್ಟಿನ ಹೆಣ್ಣು ಪಿನ್ ಅಗಲವಾಗಿದ್ದರೆ ಎಷ್ಟು ಹೊಸ ರಿಲೇ ಹಾಕಿದರೂ ಪ್ರಯೋಜನವಿಲ್ಲ. ಹಳೆಯ ರಿಲೇಯ ಒಂದು ಕಾಲನ್ನು ಒಂಟಿಯಾಗಿ ತೂರಿಸಿದಾಗ ಬಿಗಿಯಾಗಿ ಹಿಡಿಯಬೇಕು.

ಫ್ಯೂಸ್ ಇರುವ ಜಂಪರಿನಿಂದ ರಿಲೇ ಸಾಕೆಟ್ಟಿನ 30 ಮತ್ತು 87 ಸೇರಿಸಿದಾಗ ಪಂಪ್ ಓಡಿತು ಎಂದರೆ ತಪ್ಪು ರಿಲೇಯಲ್ಲಿ ಅಥವಾ ಅದನ್ನು ಎಳೆಯುವ ಸರ್ಕ್ಯೂಟಿನಲ್ಲಿ. ಕೀ ಆನ್ ಮಾಡಿ 86ರಲ್ಲಿ ಸಪ್ಲೈ ಇದೆಯೇ, ಆ ಎರಡು ಸೆಕೆಂಡಿನಲ್ಲಿ 85 ಅರ್ಥ್ ಆಗುತ್ತದೆಯೇ ನೋಡಿ. ಇಲ್ಲಿ ಎಲ್‌ಇಡಿ ಲ್ಯಾಂಪ್ ಮಾತ್ರ ಬಳಸಬೇಕು. ರಿಲೇ ಕಾಯಿಲ್ ಎಳೆಯುವುದು ಒಂದು ಆಂಪಿನ ಐದರಲ್ಲೊಂದು ಪಾಲು. 21 ವ್ಯಾಟಿನ ಇಂಡಿಕೇಟರ್ ಬಲ್ಬು ಕಟ್ಟಿದ ಟೆಸ್ಟ್ ಲ್ಯಾಂಪ್ ಸುಮಾರು 1.75 ಆಂಪ್ ಎಳೆದು ಇಸಿಎಂನೊಳಗಿನ ಟ್ರಾನ್ಸಿಸ್ಟರನ್ನು ಸುಟ್ಟುಬಿಟ್ಟೀತು. ಜಂಪರ್ ಹಾಕಿದರೂ ಪಂಪ್ ಓಡದಿದ್ದರೆ ಹಿಂದಕ್ಕೆ ನಡೆಯಿರಿ.

ಹಿಂದಿನ ಸೀಟಿನ ಕೆಳಗೆ

ಅನೇಕ ಕಾರುಗಳಲ್ಲಿ ಸೀಟು ಎತ್ತಿದರೆ ಒಂದು ಮುಚ್ಚಳ, ಅದರಡಿ ನಾಲ್ಕು ಪಿನ್ನಿನ ಕಪ್ಲರ್. ದಪ್ಪ ವೈರ್ ಎರಡು ಪಂಪಿನವು, ತೆಳ್ಳಗಿನವು ಎರಡು ಗೇಜಿನವು. ಪಂಪ್ ಮತ್ತು ಗೇಜು ಒಂದೇ ಅರ್ಥ್ ಹಂಚಿಕೊಂಡಿರುವ ಕಾರುಗಳಲ್ಲಿ ಪುಕ್ಕಟೆ ಸುಳಿವೊಂದು ಸಿಗುತ್ತದೆ: ಪಂಪ್ ಓಡುತ್ತಿದ್ದಂತೆ ಪೆಟ್ರೋಲ್ ಮುಳ್ಳು ಜಾಗ ಬದಲಿಸಿದರೆ ಅರ್ಥ್ ಕೆಟ್ಟಿದೆ.

ಕಪ್ಲರ್ ಬಿಚ್ಚದೆ, ವೈರ್ ಒಳಹೋಗುವ ಹಿಂಬದಿಯಿಂದ ತೆಳ್ಳನೆಯ ಪಿನ್ ತೂರಿಸಿ ಅಳೆಯಬೇಕು. ವೈರಿನ ಮೇಲ್ಪದರ ಚುಚ್ಚಿ ಅಳೆಯುವ ಚಾಳಿ ನಮ್ಮ ಕಡೆ ಬಹಳ. ಅರಸೀಕೆರೆಯ ಒಣಹವೆಯಲ್ಲಿ ಅದು ಹೇಗೋ ನಡೆದುಹೋಗಬಹುದು. ಮೂಡಿಗೆರೆಯ ಥಂಡಿಯಲ್ಲಿ ಆ ತೂತಿನಿಂದ ನೀರು ಒಳಗಿಳಿದು, ಎಳೆಗಳ ಸಂದಿಯಲ್ಲಿ ಹಬ್ಬಿ, ಮುಂದಿನ ಮಳೆಗಾಲದ ಹೊತ್ತಿಗೆ ತಾಮ್ರವನ್ನು ಹಸಿರು ಪುಡಿ ಮಾಡಿಟ್ಟಿರುತ್ತದೆ.

ಜಂಪರ್ ಹಾಕಿ ಪಂಪ್ ಓಡುತ್ತಿರಲಿ. ಮೊದಲು ಪಂಪಿನ ಎರಡು ದಪ್ಪ ಪಿನ್ನಿನ ನಡುವೆ ಅಳೆಯಿರಿ. ಬ್ಯಾಟರಿಯಲ್ಲಿ 12.4 ಇದ್ದು ಇಲ್ಲಿ 11.7 ಇದ್ದರೆ ಚಿಂತೆಯಿಲ್ಲ. 9.6 ಬಂತು ಎನ್ನಿ: 2.8 ವೋಲ್ಟ್ ಎಲ್ಲಿ ಹೋಯಿತು? ಉದ್ದ ವೈರಿನಿಂದ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಕಚ್ಚಿಸಿ (ಕ್ಲ್ಯಾಂಪಿಗಲ್ಲ), ಕೆಂಪನ್ನು ಪಂಪಿನ ಅರ್ಥ್ ಪಿನ್‌ಗೆ ಮುಟ್ಟಿಸಿ. 0.2 ವೋಲ್ಟಿನೊಳಗೆ ಇರಬೇಕಾದದ್ದು 2.3 ತೋರಿಸಿದರೆ ಉತ್ತರ ಸಿಕ್ಕಿತು. ಉಳಿದ ಅರ್ಧ ವೋಲ್ಟ್ ಪ್ಲಸ್ ಕಡೆಯದು. ಅದನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಪಂಪಿನ ಪ್ಲಸ್ ಪಿನ್ನಿಗೂ ನಡುವೆ ಅಳೆದು ಖಾತ್ರಿಪಡಿಸಿಕೊಳ್ಳಿ. ಫ್ಯೂಸ್, ರಿಲೇ, ಎರಡು ಮೂರು ಕಪ್ಲರ್ ದಾಟಿ ಬರುವ ದಾರಿಗೆ ಅರ್ಧ ವೋಲ್ಟ್ ನಷ್ಟ ಕ್ಷಮ್ಯ, ಅದಕ್ಕಿಂತ ಹೆಚ್ಚಾದರೆ ಅಲ್ಲ. ಅರ್ಥ್ ಕಡೆ ನಷ್ಟ ಕಂಡಾಗ ಕೆಂಪು ಕಡ್ಡಿಯನ್ನು ಒಂದೊಂದೇ ಹೆಜ್ಜೆ ಮುಂದೆ ಸರಿಸಿ: ಪಿನ್, ವೈರಿನ ತುದಿಯ ರಿಂಗ್, ಬೋಲ್ಟಿನ ತಲೆ, ಪಕ್ಕದ ಬರೀ ಲೋಹ. ರಿಂಗಿನಲ್ಲಿ 2.2, ಪಕ್ಕದ ಲೋಹದಲ್ಲಿ 0.1 ಎಂದರೆ ಕಳ್ಳ ರಿಂಗಿಗೂ ಬಾಡಿಗೂ ನಡುವಿನ ತುಕ್ಕಿನಲ್ಲಿದ್ದಾನೆ. ಮೀಟರ್ ನೋಡುತ್ತಲೇ ವೈರಿಂಗ್ ಸೆಟ್ಟನ್ನು ಅಲುಗಿಸಿ. ಅಂಕೆ ಕುಣಿಯುವ ಜಾಗ ಸಿಕ್ಕರೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಪಂಪ್ ಓಡುವುದೇ ಇಲ್ಲ ಎಂದಾದಾಗ ಕಪ್ಲರ್ ಬಿಚ್ಚಿ, ಕಾರಿನ ಕಡೆಯ ಎರಡು ದಪ್ಪ ಪಿನ್ನಿಗೆ ಎಚ್4 ಬಲ್ಬು ಜೋಡಿಸಿ ಇದೇ ಅಳತೆಗಳನ್ನು ಮಾಡಿ. ಬಲ್ಬಿನಲ್ಲಿ 11.5 ವೋಲ್ಟಿಗೂ ಮೇಲೆ ನಿಂತು ಬೆಳ್ಳಗೆ ಉರಿಯುತ್ತಿದೆ, ಕಪ್ಲರ್ ಮತ್ತೆ ಹಾಕಿದರೆ ಪಂಪ್ ಮಾತ್ರ ಮೂಕ ಎಂದಾದರೆ ಈಗ ಪಂಪನ್ನು ದೂರಬಹುದು.

ಕಾದಾಗ ನಿಂತು, ಅರ್ಧ ಗಂಟೆ ಬಿಟ್ಟು ತಾನೇ ಸ್ಟಾರ್ಟ್ ಆಗುವ ಕಾರಿನದು ಎಲ್ಲಕ್ಕಿಂತ ಕಾಟದ ಕೆಲಸ. ಗ್ಯಾರೇಜಿಗೆ ಬಂದಾಗ ಎಲ್ಲ ಸರಿಯಿರುತ್ತದೆ. ಪಂಪಿನ ಪಿನ್‌ಗಳಿಂದ ಎಲ್‌ಇಡಿ ಲ್ಯಾಂಪಿನ ವೈರ್ ಎಳೆದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಓಡಿಸಿ, ಎರಡಕ್ಕೂ ಸಣ್ಣ ಫ್ಯೂಸ್ ಇರಲಿ. ಇಂಜಿನ್ ನಿಂತ ಮೇಲೆ ಸೆಲ್ಫ್ ಹೊಡೆಯುವಾಗ ದೀಪ ಹತ್ತದಿದ್ದರೆ ರಿಲೇ, ಕ್ರ್ಯಾಂಕ್ ಸೆನ್ಸರ್ ಅಥವಾ ವೈರ್. ದೀಪ ಹತ್ತಿದರೆ ಪಂಪ್ ಇಲ್ಲವೇ ಅರೆಬರೆ ಸಪ್ಲೈ. ಎಲ್‌ಇಡಿ ಕಡಿಮೆ ವೋಲ್ಟೇಜಿಗೂ ಹತ್ತುವುದರಿಂದ ಆಗ ಮೀಟರ್ ಹಿಡಿಯಲೇಬೇಕು. ಟ್ಯಾಂಕಿನ ತಳಕ್ಕೆ ಕೈಯಿಂದ ಗುದ್ದಿದಾಗ ಪಂಪ್ ಎಚ್ಚೆತ್ತರೆ ಅದರ ಮೋಟರಿನೊಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು. ಅದೇ ಗುದ್ದಿಗೆ ಮೇಲಿನ ಲೂಸ್ ಕಪ್ಲರ್ ಕೂಡ ತಾಗಿಬಿಡಬಹುದಾದ್ದರಿಂದ ಇದೊಂದನ್ನೇ ನಂಬಿ ಪಂಪ್ ಕೊಳ್ಳಬೇಡಿ.

ಫ್ಯೂಸಿನ ಜಾಗದಲ್ಲಿ ಆಂಪ್ ಅಳೆದರೆ ಇನ್ನಷ್ಟು ತಿಳಿಯುತ್ತದೆ. ಮೀಟರಿನ 10 ಆಂಪ್ ಸಾಕೆಟ್ ಬಳಸಿ. ಸೊನ್ನೆ ಎಂದರೆ ದಾರಿ ಕಡಿದಿದೆ. 1.5 ಅಥವಾ 2 ಆಂಪ್ ಎಂದರೆ ಎಲ್ಲೋ ಪ್ರತಿರೋಧ, ಇಲ್ಲವೇ ತಳದ ಜಾಲರಿ ಕಟ್ಟಿಕೊಂಡು ಪಂಪ್ ಬರಿದೇ ತಿರುಗುತ್ತಿದೆ. 8 ಆಂಪ್ ದಾಟಿದರೆ ಪಂಪ್ ಬಿಗಿದಿದೆ ಅಥವಾ ಅದರ ಮುಂದಿನ ಫಿಲ್ಟರ್ ಕಟ್ಟಿದೆ. ವೋಲ್ಟೇಜು ಸರಿಯಿದ್ದೂ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೇಲ್ ಎಂಬ ಪೈಪಿನಲ್ಲಿ ಒತ್ತಡ ಇಲ್ಲದಿದ್ದರೆ (ಬಹಳಷ್ಟು ಕಾರುಗಳಲ್ಲಿ 3ರಿಂದ 4 ಬಾರ್) ಮಾತ್ರ ಟ್ಯಾಂಕ್ ತೆರೆಯುವ ಮಾತು. ಒಂದು ಎಚ್ಚರಿಕೆ: ಕೆಲವು ಹೊಸ ಕಾರುಗಳಲ್ಲಿ ಪಂಪಿಗೆ ರಿಲೇ ಬದಲು ಪ್ರತ್ಯೇಕ ಕಂಟ್ರೋಲ್ ಮಾಡ್ಯೂಲ್ ಇದ್ದು, ಕರೆಂಟನ್ನು ಕ್ಷಣಕ್ಷಣಕ್ಕೆ ಕಡಿದು ಕಡಿದು ಕೊಡುತ್ತದೆ. ಅಲ್ಲಿ ಜಂಪರ್, ಬಲ್ಬು ಯಾವುದೂ ಬೇಡ. ಸ್ಕ್ಯಾನರ್ ಮತ್ತು ಆ ಕಾರಿನ ವೈರಿಂಗ್ ಚಿತ್ರ ಇದ್ದವರ ಕೈಗೆ ಕೊಡಿ.

ನಮ್ಮ ಕಡೆ ಎಲ್ಲಿ ಕೆಡುತ್ತದೆ

ಇಲಿ. ತೋಟದ ಶೆಡ್ಡಿನಲ್ಲಿ, ಹುಲ್ಲಿನ ಬಣವೆಯ ಪಕ್ಕ ಅಥವಾ ಕಾಫಿ ಚೀಲ ಪೇರಿಸಿದ ಗೋದಾಮಿನ ಮುಂದೆ ದಿನಗಟ್ಟಲೆ ನಿಂತ ಕಾರು ಇಲಿಗೆ ಬೆಚ್ಚನೆಯ ಮನೆ. ಬಾನೆಟ್ಟಿನೊಳಗಿನ ಕಡಿತ ಕಣ್ಣಿಗೆ ಬೀಳುತ್ತದೆ. ಹಿಂದಿನ ಸೀಟಿನಡಿಯ ಕಡಿತ ಬೀಳುವುದಿಲ್ಲ. ಸೀಟಿನ ಸ್ಪಂಜಿನ ಪುಡಿ, ಹಿಕ್ಕೆ, ಅಡಿಕೆ ಸಿಪ್ಪೆ ಕಂಡರೆ ಅಲ್ಲಿಯ ವೈರನ್ನು ಬೆರಳಿನಿಂದ ಸವರಿ ನೋಡಿ.

ನೀರು ಎರಡನೆಯದು. ಬಾಗಿಲ ರಬ್ಬರ್ ಹಳತಾಗಿ, ಇಲ್ಲವೇ ಕೆಳಗಿನ ನೀರು ಹೋಗುವ ತೂತಿಗೆ ಕೆಮ್ಮಣ್ಣು ಮೆತ್ತಿಕೊಂಡು, ಕಾರ್ಪೆಟ್ಟಿನಡಿ ನೀರು ನಿಲ್ಲುತ್ತದೆ. ಮೇಲೆ ಒಣಗಿದಂತೆ ಕಂಡರೂ ಕೆಳಗಿನ ಫೆಲ್ಟ್ ಹಿಂಡಿದರೆ ನೀರು ಸುರಿಯುತ್ತದೆ. ಆ ತೇವದಲ್ಲಿ ಮಲಗಿದ ಜಾಯಿಂಟು ಮತ್ತು ಅರ್ಥ್ ಬೋಲ್ಟು ಬಾಳುವುದಿಲ್ಲ. ಮಂಗಳೂರು ಕಡೆ ಓಡಾಟ ಹೆಚ್ಚಿರುವ ಕಾರಿಗೆ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ.

ಮೂರನೆಯದು ಮನುಷ್ಯನ ಕೈ, ನನ್ನ ಮಟ್ಟಿಗೆ ಮೊದಲ ಅನುಮಾನ ಇದರ ಮೇಲೆಯೇ. ಕಳ್ಳತನ ತಡೆಯಲು ಡ್ಯಾಶ್‌ಬೋರ್ಡಿನಡಿ ಬಚ್ಚಿಟ್ಟ ಕಟಾಫ್ ಸ್ವಿಚ್, ಬಾಡಿಗೆ ಕಾರಿಗೆ ಹಾಕಿದ ಜಿಪಿಎಸ್ ಟ್ರ್ಯಾಕರಿನ ರಿಲೇ, ಗ್ಯಾಸ್ ಕಿಟ್ ಕೂರಿಸುವಾಗ ಪೆಟ್ರೋಲ್ ಪಂಪ್ ನಿಲ್ಲಿಸಲು ಕತ್ತರಿಸಿದ ವೈರ್: ಇವೆಲ್ಲ ಪಂಪಿನ ಪ್ಲಸ್ ವೈರನ್ನೇ ಕಡಿದು, ತಿರುಚಿ, ಟೇಪ್ ಸುತ್ತಿ ಮಾಡಿದ ಜಾಯಿಂಟುಗಳು. ಕಟಾಫ್‌ಗೆ ಹಾಕಿದ ಅಗ್ಗದ ಸ್ವಿಚ್ಚು ಎರಡು ಆಂಪಿನದಾಗಿದ್ದರೆ ಐದು ಆಂಪ್ ಹೊತ್ತು ಎಷ್ಟು ದಿನ ಬಾಳೀತು? ಕಾರಿನ ಮಾಲೀಕರಿಗೇ ಇದು ನೆನಪಿರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಾದರೆ ಗೊತ್ತೇ ಇರುವುದಿಲ್ಲ.

ರಿಪೇರಿ

ಅರ್ಥ್ ಬೋಲ್ಟ್ ಪೂರ್ತಿ ಬಿಚ್ಚಿ, ರಿಂಗ್ ಮತ್ತು ಬಾಡಿ ಎರಡನ್ನೂ ಎಮೆರಿ ಪೇಪರಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿಯಿರಿ. ಗ್ರೀಸು, ಪೇಂಟು ಆಮೇಲೆ, ಹೊರಗಿನಿಂದ. ರಿಂಗಿಗೆ ಕಚ್ಚಿದ ಜಾಗದಲ್ಲೇ ವೈರ್ ಕಪ್ಪಾಗಿದ್ದರೆ ಅಷ್ಟು ತುಂಡು ಕತ್ತರಿಸಿ ಹೊಸ ರಿಂಗ್ ಕ್ರಿಂಪ್ ಮಾಡಬೇಕು (ಇಕ್ಕಳದಿಂದ ಒತ್ತಿ ಕಚ್ಚಿಸಬೇಕು).

ಕಪ್ಲರಿನಲ್ಲಿ ತೆಳು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಪಿನ್ನನ್ನು ಎಮೆರಿಯಿಂದ ಉಜ್ಜಿದರೆ ಮೇಲಿನ ತವರದ ಲೇಪ ಹೋಗಿ ಇನ್ನೂ ಬೇಗ ಕಿಲುಬು ಕಟ್ಟುತ್ತದೆ. ಪ್ಲಾಸ್ಟಿಕ್ ಕರಗಿದ್ದರೆ ಶುಚಿ ಮಾಡುವ ಮಾತೇ ಇಲ್ಲ, ವೈರ್ ಸಮೇತ ಸಿಗುವ ಹೊಸ ಕಪ್ಲರ್ ಹಾಕಿ. ಪಂಪ್ ಕಡೆಯ ಪಿನ್ನುಗಳೂ ಸುಟ್ಟಿದ್ದರೆ ಟ್ಯಾಂಕಿನ ತಲೆಯ ಪ್ಲೇಟನ್ನೂ ಬದಲಿಸಬೇಕಾಗುತ್ತದೆ. ಸುಟ್ಟ ಅರ್ಧಕ್ಕೆ ಹೊಸ ಅರ್ಧ ಸಿಕ್ಕಿಸಿದರೆ ಹೊಸದೂ ಸುಡುತ್ತದೆ. ವೈರ್ 1.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ, ಬಹು ಎಳೆಯ ಆಟೊ ವೈರ್ ಆಗಿರಲಿ. ಮನೆ ವೈರಿಂಗಿನ ಒಂಟಿ ಕಡ್ಡಿ ವೈರ್ ಅದುರಾಟಕ್ಕೆ ಮುರಿಯುತ್ತದೆ. ಜಾಯಿಂಟನ್ನು ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಸ್ಲೀವ್ ಕಾಯಿಸುವುದು ಟ್ಯಾಂಕಿನ ಬಳಿ ಅಲ್ಲ. ಅಲ್ಲಿ ಬೆಂಕಿಯೂ ಬೇಡ, ಸೋಲ್ಡರಿಂಗ್ ಐರನ್ನೂ ಬೇಡ. ಉದ್ದನೆಯ ತುಂಡನ್ನು ಹೊರಗೆ ತಯಾರಿಸಿಕೊಂಡು ಬಂದು ಜಾಯಿಂಟು ದೂರದಲ್ಲಿ ಬರುವಂತೆ ಮಾಡಿ. ಟ್ಯಾಂಕಿನೊಳಗೆ ಮುಳುಗಿರುವ ವೈರಿಗೆ ಅಂಗಡಿಯ ಪಿವಿಸಿ ವೈರ್ ಸೇರಿಸುವಂತೆಯೇ ಇಲ್ಲ. ಪೆಟ್ರೋಲಿನಲ್ಲಿ ಅದರ ಮೇಲ್ಪದರ ಗಟ್ಟಿಯಾಗಿ ಬಿರಿಯುತ್ತದೆ. ಒಳಗಿನ ವೈರಿಗೆ ಪಂಪ್ ತಯಾರಕರು ಕೊಡುವುದೇ ಆಗಬೇಕು.

ರಸ್ತೆ ಬದಿಯ ಸುಲಭ ಪರಿಹಾರ ಒಂದಿದೆ, ‘ಡೈರೆಕ್ಟ್ ಕೊಡೋದು’: ರಿಲೇ ಬಿಟ್ಟು ಕೀ ಸ್ವಿಚ್ಚಿನಿಂದ ಪಂಪಿಗೆ ನೇರ ವೈರ್ ಎಳೆದುಬಿಡುವುದು. ಕಾರು ಓಡುತ್ತದೆ, ದುಡ್ಡೂ ಉಳಿಯುತ್ತದೆ. ಆದರೆ ಅಪಘಾತವಾಗಿ ಇಂಜಿನ್ ನಿಂತಾಗ ಪಂಪನ್ನು ನಿಲ್ಲಿಸುವವರು ಯಾರೂ ಇರುವುದಿಲ್ಲ. ಪೈಪ್ ಹರಿದಿದ್ದರೆ ಕೀ ಆನ್ ಇರುವವರೆಗೂ ಅದು ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹಳೆಯ ವೈರಿಂಗ್ ನಂಬಲಾಗದಷ್ಟು ಕೆಟ್ಟಿದ್ದರೆ ಬ್ಯಾಟರಿಯಿಂದ 20 ಆಂಪ್ ಫ್ಯೂಸ್ ಹಾಕಿ ಹೊಸ 2.5 ಚದರ ಮಿಲಿಮೀಟರ್ ವೈರ್ ಎಳೆಯಬಹುದು. ಆದರೆ ಅದು ಹೊಸ ರಿಲೇ ಮೂಲಕವೇ ಹೋಗಬೇಕು, ಆ ರಿಲೇಯ ಕಾಯಿಲನ್ನು ಎಳೆಯುವುದು ಪಂಪಿನ ಹಳೆಯ ಪ್ಲಸ್ ವೈರೇ ಆಗಿರಬೇಕು. ಆಗ ಇಸಿಎಂ ನಿಲ್ಲಿಸಿದರೆ ಪಂಪೂ ನಿಲ್ಲುತ್ತದೆ.

ಕೆಲಸ ಮುಗಿದ ಮೇಲೆ ಇಂಜಿನ್ ಓಡುತ್ತಿರುವಾಗ ಮತ್ತೊಮ್ಮೆ ಅಳೆಯಿರಿ. ಬ್ಯಾಟರಿಯಲ್ಲಿ 14 ಇದ್ದರೆ ಪಂಪಿನಲ್ಲಿ 13.3ಕ್ಕೆ ಕಡಿಮೆ ಇರಬಾರದು. ಕಪ್ಲರಿನ ರಬ್ಬರ್ ಸೀಲು ಜಾಗದಲ್ಲಿದೆಯೇ, ಲಾಕ್ ‘ಟಕ್’ ಎಂದು ಕೂತಿದೆಯೇ, ಟ್ಯಾಂಕಿನ ಮೇಲಿನ ಮುಚ್ಚಳದ ಗ್ಯಾಸ್ಕೆಟ್ ಹರಿದಿಲ್ಲವೇ ನೋಡಿ. ಸೀಟು ಕೂರಿಸುವಾಗ ಅದರ ಕೊಕ್ಕೆಯ ಕೆಳಗೆ ವೈರ್ ಸಿಕ್ಕಿಕೊಳ್ಳದಂತೆ ಒಂದು ಕೈಯಿಂದ ವೈರಿಂಗ್ ಸೆಟ್ಟನ್ನು ಪಕ್ಕಕ್ಕೆ ಹಿಡಿದುಕೊಂಡೇ ಒತ್ತಿ.